ಬಡಿಸುವುದು ಹೇಗೆಂದು ಮೊದಲು ತೀರ್ಮಾನಿಸಿ, ಅಡುಗೆ ಏನೆಂದು ಆಮೇಲೆ

ಪ್ರಶ್ನೆ: ಮುಂದಿನ ತಿಂಗಳು ಹನ್ನೆರಡು ಜನರನ್ನು ಮನೆಗೆ ರಾತ್ರಿ ಊಟಕ್ಕೆ ಕರೆದಿದ್ದೇನೆ. ಅಡುಗೆಯಲ್ಲಿ ನನ್ನ ಕೈ ಪಳಗಿದೆ, ಅದರ ಚಿಂತೆ ಇಲ್ಲ. ತೊಂದರೆಯೆಲ್ಲ ಬಡಿಸುವಾಗ. ಹೋದ ಸಲ ಒಂದನ್ನು ಬಿಸಿ ಮಾಡುವಷ್ಟರಲ್ಲಿ ಇನ್ನೊಂದು ಆರಿಹೋಯಿತು. ನಾನು ಬಂದು ಕೂರುವ ಹೊತ್ತಿಗೆ ಅರ್ಧ ಜನ ಊಟ ಮುಗಿಸಿ ಎದ್ದಿದ್ದರು. ಒಬ್ಬರಿಗೆ ಕಡಲೆಕಾಯಿ ಅಲರ್ಜಿ ಎಂದು ಊಟದ ನಡುವೆ ತಿಳಿಯಿತು. ಕೊನೆಗೆ ಪಾತ್ರೆಗಟ್ಟಲೆ ಉಳಿಯಿತು. ಈ ಸಲ ಬಫೆ ಇಡಲೇ, ಕೂರಿಸಿ ಬಡಿಸಲೇ? ಸಾಕು ಎಂದವರಿಗೆ ಒತ್ತಾಯ ಮಾಡದಿದ್ದರೆ ಉಪಚಾರದಲ್ಲಿ ಕೊರತೆ ಆದಂತೆಯೇ?

ಉತ್ತರ: ನಿಮ್ಮ ಪತ್ರದಲ್ಲಿರುವ ದೂರುಗಳು ಹಲವು, ಆದರೆ ಅವುಗಳ ಬೇರು ಹೆಚ್ಚುಕಡಿಮೆ ಒಂದೇ. ಹೋದ ಸಲ ನೀವು ಮೊದಲು ಏನೇನು ಮಾಡಬೇಕೆಂದು ಪಟ್ಟಿ ಹಾಕಿದಿರಿ, ಆಮೇಲೆ ಅಡುಗೆ ಮಾಡಿದಿರಿ, ಜನ ಬಂದು ಕೂತ ಮೇಲೆ ಬಡಿಸುವ ಯೋಚನೆ ಮಾಡಿದಿರಿ. ಈ ಸಲ ಕ್ರಮ ತಿರುಗಿಸಿ. ಹನ್ನೆರಡು ಜನರ ಮುಂದೆ ಊಟ ಹೇಗೆ ಹೋಗುತ್ತದೆ ಎಂದು ಮೊದಲು ತೀರ್ಮಾನಿಸಿ, ಆ ರೀತಿಗೆ ಒಗ್ಗುವ ಪದಾರ್ಥಗಳನ್ನು ಮಾತ್ರ ಆರಿಸಿ.

ನಾನು ದೊಡ್ಡ ಊಟಗಳ ಬಡಿಸುವ ಕಡೆಯಲ್ಲೇ ಬಹಳ ವರ್ಷ ದುಡಿದವನು. ಈಗ ಹುಡುಗರಿಗೆ ಅದೇ ಕೆಲಸ ಕಲಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮೇಲ್ವಿಚಾರಕರು ಪಟ್ಟಿಯ ಒಂದೊಂದು ಪದಾರ್ಥದ ಮೇಲೂ ಬೆರಳಿಟ್ಟು ಕೇಳುತ್ತಿದ್ದರು: ಇದು ಯಾವ ಪಾತ್ರೆಯಲ್ಲಿ ಹೋಗುತ್ತದೆ, ಯಾವ ಸೌಟಿನಿಂದ ಬೀಳುತ್ತದೆ, ಯಾರ ಕೈಯಲ್ಲಿ, ಒಲೆಯಿಂದ ಇಳಿಸಿ ಎಷ್ಟು ಹೊತ್ತಿಗೆ ತಟ್ಟೆ ಸೇರುತ್ತದೆ? ನಾಲ್ಕರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ಪದಾರ್ಥ ಪಟ್ಟಿಯಿಂದ ಹೊರಕ್ಕೆ. ಮನೆಯ ಊಟಕ್ಕೂ ಇದೇ ಪ್ರಶ್ನೆಗಳು ಸಾಕು. ಒಂದು ಹಾಳೆ ತೆಗೆದುಕೊಂಡು ಪ್ರತಿ ಪದಾರ್ಥದ ಎದುರು ಈ ನಾಲ್ಕು ಉತ್ತರ ಬರೆಯಿರಿ. ಹೋದ ಸಲದ ಪಟ್ಟಿಯನ್ನೇ ಹೀಗೆ ಬರೆದು ನೋಡಿದರೆ ಎಲ್ಲಿ ಸಿಕ್ಕಿಕೊಂಡಿತೆಂದು ನಿಮಗೇ ಗೊತ್ತಾಗುತ್ತದೆ.

ಬಡಿಸುವವರ ಕಣ್ಣಿನಿಂದ ನೋಡಿದರೆ ಪದಾರ್ಥಗಳಲ್ಲಿ ಮೂರು ಜಾತಿ. ಆರಿದರೂ ರುಚಿ ಕೆಡದವು: ಹಸಿ ತರಕಾರಿಯದು, ಹಣ್ಣಿನದು, ಬೆಳಿಗ್ಗೆಯೇ ಮಾಡಿ ಫ್ರಿಜ್‌ನಲ್ಲಿಟ್ಟ ಸಿಹಿ. ಮುಚ್ಚಿಟ್ಟರೆ ಒಂದು ಗಂಟೆ ಬಿಸಿ ಹಿಡಿದುಕೊಳ್ಳುವವು: ಗಟ್ಟಿ ರಸದ ಪದಾರ್ಥಗಳು, ಬೇಯಿಸಿದ ಕಾಳು, ಅನ್ನ. ಇನ್ನು ಐದೇ ನಿಮಿಷ ಆಯಸ್ಸಿನವು: ಕರಿದದ್ದು, ಕಾವಲಿಯಿಂದ ಇಳಿದದ್ದು, ಉಬ್ಬಿ ಬಂದು ಕುಗ್ಗಿಹೋಗುವಂಥದ್ದು. ಮೂರನೆಯ ಜಾತಿಯವು ತಿನ್ನಲು ಬಹಳ ಚೆನ್ನ, ನನಗೂ ಪ್ರೀತಿ. ಆದರೆ ಹನ್ನೆರಡು ಜನರ ಊಟದಲ್ಲಿ ಅಂಥದ್ದು ಒಂದಕ್ಕಿಂತ ಹೆಚ್ಚಿದ್ದರೆ ಕರೆದವರು ಒಲೆಯ ಮುಂದಿನಿಂದ ಅಲ್ಲಾಡುವಂತಿಲ್ಲ. ಆ ಒಂದನ್ನೂ ಊಟದ ಜೊತೆ ಇಡಬೇಡಿ. ಎಲ್ಲರೂ ನಿಂತು ಮಾತಾಡುತ್ತಿರುವಾಗ, ಕೂರುವುದಕ್ಕೆ ಮೊದಲು, ಕೈಗೆ ಕೊಟ್ಟುಬಿಡಿ. ಒಬ್ಬರಿಗೆ ಈಗ, ಇನ್ನೊಬ್ಬರಿಗೆ ನಾಲ್ಕು ನಿಮಿಷ ಬಿಟ್ಟು ಸಿಕ್ಕರೂ ಆಗ ಯಾರೂ ಲೆಕ್ಕವಿಡುವುದಿಲ್ಲ. ಮೇಜಿನಲ್ಲಿ ಕೂತ ಮೇಲೆ ಅದೇ ನಾಲ್ಕು ನಿಮಿಷ ಬಹಳ ಉದ್ದ.

ಈಗ ಬಫೆಯೋ ಕೂರಿಸುವುದೋ ಎಂಬ ಪ್ರಶ್ನೆ. ಇದು ಇಂದಿನ ಜಗಳವಲ್ಲ. 19ನೇ ಶತಮಾನದ ಆರಂಭದವರೆಗೂ ಯುರೋಪಿನ ಶ್ರೀಮಂತರ ಮನೆಗಳಲ್ಲಿ ಒಂದು ಸುತ್ತಿನ ಹತ್ತಾರು ಪಾತ್ರೆಗಳನ್ನು ಒಟ್ಟಿಗೇ ಮೇಜಿನ ತುಂಬ ಜೋಡಿಸುತ್ತಿದ್ದರು. ನೋಡಲು ಭರ್ಜರಿ, ಆದರೆ ತಿನ್ನುವ ಹೊತ್ತಿಗೆ ಬಹುಪಾಲು ಆರಿರುತ್ತಿತ್ತು, ದೂರದ ಪಾತ್ರೆ ಕೈಗೆ ಸಿಗುತ್ತಿರಲಿಲ್ಲ. 1810ರ ಆಸುಪಾಸಿನಲ್ಲಿ ಪ್ಯಾರಿಸ್‌ನಲ್ಲಿ ರಷ್ಯಾದ ರಾಯಭಾರಿಯಾಗಿದ್ದ ಅಲೆಕ್ಸಾಂಡರ್ ಕುರಾಕಿನ್ ಒಂದಾದ ಮೇಲೊಂದು ಪದಾರ್ಥ ತಂದು ಪ್ರತಿಯೊಬ್ಬರಿಗೂ ಬಡಿಸುವ ಪದ್ಧತಿಯನ್ನು ಅಲ್ಲಿ ತೋರಿಸಿದ ಎಂದು ಹೇಳುತ್ತಾರೆ. ಮೊದಲಿನದಕ್ಕೆ ಫ್ರೆಂಚ್ ಪದ್ಧತಿ, ಎರಡನೆಯದಕ್ಕೆ ರಷ್ಯನ್ ಪದ್ಧತಿ ಎಂದು ಹೆಸರು ನಿಂತಿತು. ಎರಡನೆಯದರಲ್ಲಿ ಊಟ ಬಿಸಿಬಿಸಿಯಾಗಿ ತಲುಪುತ್ತದೆ, ಆದರೆ ಬಡಿಸಲು ಆಳುಗಳು ಬೇಕು. ನಿಮ್ಮ ಮನೆಯಲ್ಲಿ ಬಡಿಸುವವರು ನೀವೊಬ್ಬರೇ. ಹಾಗಾಗಿ ಹನ್ನೆರಡು ಜನರಿಗೆ ಒಂದೊಂದೇ ಪದಾರ್ಥ ಹೊತ್ತು ತಿರುಗುವ ಯೋಚನೆಯನ್ನು ಬಿಟ್ಟುಬಿಡಿ.

ಒಂದು ಸಣ್ಣ ಲೆಕ್ಕ ಮಾಡೋಣ. ಆರು ಪದಾರ್ಥ, ಒಂದೊಂದನ್ನು ಹಾಕಿಕೊಳ್ಳಲು ಒಬ್ಬರಿಗೆ 20 ಸೆಕೆಂಡ್ ಎಂದಿಟ್ಟುಕೊಳ್ಳಿ. ಬಫೆ ಮೇಜನ್ನು ಗೋಡೆಗೆ ಒತ್ತಿ ಒಂದೇ ಸಾಲು ಮಾಡಿದರೆ ಮೊದಲನೆಯವರ ತಟ್ಟೆ ತುಂಬಲು 2 ನಿಮಿಷ, ಹನ್ನೆರಡನೆಯವರದು ತುಂಬಲು 5 ನಿಮಿಷ 40 ಸೆಕೆಂಡ್. ಮೇಜನ್ನು ಗೋಡೆಯಿಂದ ಈಚೆಗೆಳೆದು ಎರಡೂ ಬದಿಯಿಂದ ಹಾಕಿಕೊಳ್ಳುವಂತೆ ಮಾಡಿ, ಪ್ರತಿ ಪಾತ್ರೆಗೆ ಎರಡೆರಡು ಸೌಟು ಇಟ್ಟರೆ ಕೊನೆಯವರದು 3 ನಿಮಿಷ 40 ಸೆಕೆಂಡ್‌ಗೆ ಮುಗಿಯುತ್ತದೆ. ಕೂತು ಪಾತ್ರೆ ದಾಟಿಸಿಕೊಳ್ಳುವುದಕ್ಕೂ ಇದೇ ಲೆಕ್ಕ: ಹನ್ನೆರಡು ಜನಕ್ಕೆ ಒಂದೇ ಪಾತ್ರೆ ಸುತ್ತಿದರೆ ಹೆಚ್ಚು ಹೊತ್ತು, ಆರಾರು ಜನಕ್ಕೆ ಒಂದೊಂದು ಜೊತೆ ಇದ್ದರೆ ಕಡಿಮೆ ಹೊತ್ತು. ಇದು ಯಾರೂ ನಡುವೆ ನಿಂತು ಮಾತಾಡದಿದ್ದರೆ. ನಿಜದಲ್ಲಿ ಎಲ್ಲರೂ ಮಾತಾಡುತ್ತಾರೆ, ಮಾತಾಡಲೆಂದೇ ಬಂದಿರುತ್ತಾರೆ, ಆದ್ದರಿಂದ ಇದರ ಎರಡರಷ್ಟು ಹೊತ್ತು ಹಿಡಿಯಿರಿ.

ನಿಮ್ಮಲ್ಲಿ ಹನ್ನೆರಡು ಜನ ಕೂರುವಷ್ಟು ಮೇಜಿದ್ದರೆ, ಅಂದರೆ ಒಬ್ಬೊಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಗಲ ಸಿಗುವುದಾದರೆ, ಕೂರಿಸಿಯೇ ಬಡಿಸಿ. ಎಲ್ಲ ಪದಾರ್ಥಗಳನ್ನೂ ಎರಡೆರಡು ಸಣ್ಣ ಪಾತ್ರೆಗಳಿಗೆ ಹಂಚಿ, ಮೇಜಿನ ಈ ತುದಿಗೊಂದು ಜೊತೆ, ಆ ತುದಿಗೊಂದು ಜೊತೆ ಇಡಿ. ದೊಡ್ಡ ಪಾತ್ರೆ ಮೇಜಿಗೆ ಬರಲೇಬಾರದು. ತುಂಬಿದ ಪಾತ್ರೆಯನ್ನು ಕೂತಲ್ಲಿಂದ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬಡಿಸಿಕೊಳ್ಳುವುದು ಗಟ್ಟಿಮುಟ್ಟಾದವರಿಗೂ ಕಷ್ಟ. ಒಂದು ಲೀಟರ್ ಹಿಡಿಯುವ ಬೌಲನ್ನು ಮುಕ್ಕಾಲು ತುಂಬಿ ಇಟ್ಟು, ಬರಿದಾದಂತೆ ಒಲೆಯ ಬಳಿ ಮುಚ್ಚಿಟ್ಟ ಪಾತ್ರೆಯಿಂದ ಮತ್ತೆ ತುಂಬಿ ತನ್ನಿ. ಹೀಗೆ ಮಾಡಿದರೆ ಮೇಜಿನ ಮೇಲಿರುವುದು ಯಾವಾಗಲೂ ಬಿಸಿಯಾಗಿರುತ್ತದೆ. ಉಳಿದದ್ದೂ ಸ್ವಚ್ಛವಾಗಿರುತ್ತದೆ, ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಜಾಗವಿಲ್ಲದಿದ್ದರೆ ಬಫೆ ಇಡಿ, ಸಂಕೋಚ ಬೇಡ. ತಟ್ಟೆಗಳು ಸಾಲಿನ ಆರಂಭದಲ್ಲಿರಲಿ. ಚಮಚ, ನ್ಯಾಪ್ಕಿನ್ ಕೊನೆಯಲ್ಲಿರಲಿ, ಮೊದಲೇ ಕೊಟ್ಟರೆ ಬಡಿಸಿಕೊಳ್ಳುವಾಗ ಎರಡೂ ಕೈ ಕಟ್ಟಿದಂತಾಗುತ್ತದೆ. ಆರಿದರೂ ನಡೆಯುವವು ಮುಂದೆ, ತೀರ ಬಿಸಿ ಇರಬೇಕಾದ್ದು ಕೊನೆಗೆ. ಯಾವುದರ ಮೇಲೆ ಸುರಿದುಕೊಳ್ಳಬೇಕೋ ಅದರ ಪಕ್ಕದಲ್ಲೇ ಸುರಿಯುವ ರಸವಿರಲಿ. ಪಾನೀಯಗಳು ಬೇರೆ ಮೇಜಿನಲ್ಲಿ, ದೂರದಲ್ಲಿ. ನೀರಿಗೆ ಬಂದವರೂ ಊಟಕ್ಕೆ ನಿಂತವರೂ ಒಂದೇ ಕಡೆ ಸೇರಿದರೆ ಯಾವ ಸಾಲೂ ಸಾಗುವುದಿಲ್ಲ. ಇನ್ನೊಂದು ಮಾತು, ಮುಂದಿರುವುದನ್ನೇ ಜನ ಹೆಚ್ಚು ಹಾಕಿಕೊಳ್ಳುತ್ತಾರೆ, ತಟ್ಟೆ ತುಂಬುತ್ತ ಬಂದಂತೆ ಕೈ ಬಿಗಿಯಾಗುತ್ತದೆ. ಕಡಿಮೆ ಮಾಡಿದ ಪದಾರ್ಥವನ್ನು ಸಾಲಿನ ತಲೆಗೆ ಇಟ್ಟು, ಏಳನೆಯವರಿಗೇ ಅದು ಮುಗಿದುಹೋದ ಊಟಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಬಿಸಿಯ ವಿಷಯಕ್ಕೆ ಬರೋಣ. ಇದರಲ್ಲಿ ಮನೆಯವರು ಒಲೆಯನ್ನು ನಂಬುತ್ತಾರೆ, ತಟ್ಟೆಯನ್ನು ಮರೆಯುತ್ತಾರೆ. 600 ಗ್ರಾಂ ತೂಗುವ ಪಿಂಗಾಣಿ ತಟ್ಟೆ 25 ಡಿಗ್ರಿಯಲ್ಲಿದೆ, ಅದರ ಮೇಲೆ 70 ಡಿಗ್ರಿಯ ಊಟ 300 ಗ್ರಾಂ ಬಡಿಸಿದಿರಿ ಎನ್ನಿ. ಎರಡೂ ಒಂದೇ ಶಾಖಕ್ಕೆ ಬರುವಷ್ಟರಲ್ಲಿ ಊಟ ಸುಮಾರು 55 ಡಿಗ್ರಿಗೆ ಇಳಿದಿರುತ್ತದೆ. ಗಾಳಿಗೆ ಆರುವುದು ಬೇರೆ, ಇದು ತಟ್ಟೆಯೊಂದೇ ಕುಡಿದ ಬಿಸಿ. ಅದೇ ತಟ್ಟೆಯನ್ನು 60 ಡಿಗ್ರಿಗೆ ಕಾಯಿಸಿಟ್ಟಿದ್ದರೆ ಊಟ 66–67 ಡಿಗ್ರಿಯಲ್ಲಿ ನಿಲ್ಲುತ್ತದೆ. ನೀವು ಅಡುಗೆಮನೆಗೆ ಓಡಿ ಮತ್ತೆ ಬಿಸಿ ಮಾಡಿದ್ದು ಬಹುಶಃ ಈ ಹತ್ತು ಹನ್ನೆರಡು ಡಿಗ್ರಿಗಾಗಿಯೇ. ತಟ್ಟೆ ಕಾಯಿಸಲು ಓವನ್ ಇದ್ದರೆ ಅತಿ ಕಡಿಮೆ ಶಾಖದಲ್ಲಿ ಹತ್ತು ನಿಮಿಷ ಇಡಿ. ಇಲ್ಲವಾದರೆ ಅಗಲದ ಪಾತ್ರೆಯಲ್ಲಿ ಬಿಸಿನೀರು ಹಾಕಿ ತಟ್ಟೆ ಮುಳುಗಿಸಿ, ಬಡಿಸುವ ಮುನ್ನ ತೆಗೆದು ಒಣಬಟ್ಟೆಯಿಂದ ಒರೆಸಿ. ಕೈಯಲ್ಲಿ ನೆಮ್ಮದಿಯಾಗಿ ಹಿಡಿಯುವಷ್ಟು ಬಿಸಿ ಸಾಕು, ಚುರುಗುಟ್ಟಬಾರದು. ತಣ್ಣಗಿನ ಸಿಹಿ ಬಡಿಸುವ ಬೌಲುಗಳನ್ನು ಇದೇ ಲೆಕ್ಕದಲ್ಲಿ ಫ್ರಿಜ್‌ನಲ್ಲಿಟ್ಟು ತಣಿಸಿ.

ಹಾಟ್‌ಬಾಕ್ಸ್ ಬಳಸುವವರು ಖಾಲಿ ಡಬ್ಬಿಗೆ ಕುದಿವ ನೀರು ಹಾಕಿ ಐದು ನಿಮಿಷ ಮುಚ್ಚಿಟ್ಟು, ಚೆಲ್ಲಿ, ಒರೆಸಿ, ಆಮೇಲೆ ಊಟ ತುಂಬಿಸಿ. ಅರ್ಧ ತುಂಬಿದ ಡಬ್ಬಿಗಿಂತ ಪೂರ್ತಿ ತುಂಬಿದ್ದು ಬಹಳ ಹೊತ್ತು ಬಿಸಿಯಾಗಿರುತ್ತದೆ, ಆದ್ದರಿಂದ ದೊಡ್ಡದೊಂದಕ್ಕಿಂತ ಸಣ್ಣವೆರಡು ಒಳ್ಳೆಯವು. ಕರಿದದ್ದನ್ನು ಮಾತ್ರ ಅದರೊಳಗೆ ಹಾಕಲೇಬೇಡಿ. ಅದರಿಂದ ಏಳುವ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಅದರ ಮೇಲೇ ಬೀಳುತ್ತದೆ, ಗರಿ ಹೋಗುತ್ತದೆ. ತಂತಿಯ ಜಾಲರಿಯ ಮೇಲೆ ಹರಡಿ, ಮುಚ್ಚದೆ ಇಡಿ, ಕೆಳಗಿನಿಂದಲೂ ಹಬೆ ಹೋಗಲಿ.

ಬಡಿಸುವ ಕೈಯ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರಸದ ಪದಾರ್ಥ ಬಡಿಸುವ ಸೌಟನ್ನು ಗಮನಿಸಿ. ಪಾತ್ರೆಯಿಂದ ಎತ್ತಿದಾಗ ಸೌಟಿನ ತಳಕ್ಕೆ ಒಂದು ಹನಿ ಅಂಟಿಕೊಂಡು ತೂಗುತ್ತಿರುತ್ತದೆ. ಪಾತ್ರೆಯಿಂದ ತಟ್ಟೆಗೆ ಹೋಗುವ ದಾರಿಯಲ್ಲಿ, ಸರಿಯಾಗಿ ಅತಿಥಿಯ ತೋಳಿನ ಮೇಲೋ ಮೇಜಿನ ಬಟ್ಟೆಯ ಮೇಲೋ ಅದು ಉದುರುತ್ತದೆ. ಸೌಟನ್ನು ಎತ್ತಿದ ಕೂಡಲೇ ಅದರ ತಳವನ್ನು ಪಾತ್ರೆಯಲ್ಲಿನ ರಸದ ಮೇಲ್ಮೈಗೆ ಒಮ್ಮೆ ಮೆಲ್ಲಗೆ ತಾಗಿಸಿ. ತೂಗುವ ಹನಿಯನ್ನು ರಸ ತಾನೇ ಎಳೆದುಕೊಳ್ಳುತ್ತದೆ, ಸೌಟು ಒಣಗಿದಂತೆ ಬರುತ್ತದೆ. ಅಂಚಿಗೆ ಉಜ್ಜಿದರೆ ಪಾತ್ರೆ ಕೊಳಕಾಗುತ್ತದೆ, ಶಬ್ದವೂ ಆಗುತ್ತದೆ. ಸೌಟನ್ನು ಮುಕ್ಕಾಲಷ್ಟೇ ತುಂಬಿ. ಪಾತ್ರೆಯನ್ನು ತಟ್ಟೆಯ ಅಂಚಿನ ಹತ್ತಿರಕ್ಕೆ ಒಯ್ಯಿರಿ, ಸೌಟು ಸಾಗುವ ದೂರ ಒಂದು ಗೇಣಿಗಿಂತ ಹೆಚ್ಚಿರಬಾರದು. ತಟ್ಟೆಗೆ ಎರಡು ಬೆರಳಷ್ಟು ಮೇಲಿಂದ, ಸೌಟಿನ ಮುಂತುದಿ ಬಾಗಿಸಿ ಇಳಿಬಿಡಿ. ಎತ್ತರದಿಂದ ಸುರಿದರೆ ಸಿಡಿಯುತ್ತದೆ, ಎದುರಿಗೆ ಕೂತವರು ತಮಗೆ ತಿಳಿಯದೆಯೇ ಹಿಂದೆ ಸರಿಯುತ್ತಾರೆ.

ಸೂಪು ಕೊಡುವುದಾದರೆ ಬೌಲಿನ ಮೂರರಲ್ಲಿ ಎರಡು ಪಾಲು ತುಂಬಿದರೆ ಸಾಕು. ನಾನು ಕಲಿಯುತ್ತಿದ್ದಾಗ ತುಂಬಿದ ಆರು ಬೌಲುಗಳನ್ನು ಟ್ರೇಯಲ್ಲಿಟ್ಟು ಇಪ್ಪತ್ತು ಹೆಜ್ಜೆ ನಡೆಸುತ್ತಿದ್ದರು. ಕಣ್ಣು ಬೌಲುಗಳ ಮೇಲೆ ನೆಟ್ಟರೆ ಪ್ರತಿ ಸಲ ಚೆಲ್ಲುತ್ತಿತ್ತು, ಎದುರಿನ ಗೋಡೆಯ ಮೇಲೆ ಇಟ್ಟರೆ ಕಡಿಮೆ ಚೆಲ್ಲುತ್ತಿತ್ತು. ಬೌಲನ್ನು ನೋಡುತ್ತಿದ್ದಷ್ಟು ಹೊತ್ತು ಕೈ ಅದರ ಅಲೆಯನ್ನು ಸರಿಪಡಿಸಲು ಹೋಗಿ ಅಲೆಯನ್ನು ಹೆಚ್ಚಿಸುತ್ತಿತ್ತು. ಮನೆಯಲ್ಲಿಯೂ ಅಡುಗೆಮನೆಯಿಂದ ಮೇಜಿನವರೆಗೆ ನಡೆಯುವಾಗ ದಾರಿ ನೋಡಿ, ಪಾತ್ರೆ ನೋಡಬೇಡಿ. ದಾರಿಯಲ್ಲಿ ಕಾಲುಚಾಪೆ, ಮಕ್ಕಳ ಆಟಿಕೆ ಇದ್ದರೆ ಅಂದು ಎತ್ತಿಡಿ.

ಎಡದಿಂದ ಬಡಿಸಬೇಕು, ಬಲದಿಂದ ತೆಗೆಯಬೇಕು ಎಂಬ ನಿಯಮ ನೀವು ಕೇಳಿರಬಹುದು. ಬಲಗೈಯಲ್ಲಿ ಸೌಟು ಹಿಡಿದವರಿಗೆ ಎಡಬದಿಯಿಂದ ಬಾಗಿದರೆ ಕೈ ಸಲೀಸಾಗಿ ತಟ್ಟೆ ಮುಟ್ಟುತ್ತದೆ, ಅಷ್ಟೇ ಅದರ ಹಿಂದಿನ ಅರ್ಥ. ಮನೆಯಲ್ಲಿ ಗೋಡೆ, ಕುರ್ಚಿ ಬಿಟ್ಟಷ್ಟು ಜಾಗದಲ್ಲಿ ಯಾವ ಬದಿಯಾದರೂ ಸರಿ, ಎಲ್ಲರಿಗೂ ಒಂದೇ ಬದಿಯಿಂದ ಬಡಿಸಿ. ಆಗ ಯಾವ ಕಡೆಯಿಂದ ಕೈ ಬರುತ್ತದೆಂದು ಅವರಿಗೆ ಗೊತ್ತಿರುತ್ತದೆ, ಆ ಹೊತ್ತಿಗೆ ಸರಿಯಾಗಿ ಲೋಟ ಎತ್ತುವುದಿಲ್ಲ. ಒಬ್ಬರ ಮುಂದೆ ಅಡ್ಡ ಕೈ ಚಾಚಿ ಇನ್ನೊಬ್ಬರಿಗೆ ಬಡಿಸುವುದನ್ನು ಮಾತ್ರ ಎಂದೂ ಮಾಡಬೇಡಿ.

ಮಕ್ಕಳಿದ್ದರೆ ಅವರಿಗೆ ಮೊದಲು ಬಡಿಸಿ, ಆದರೆ ಕಾಯಿಸಿದ ತಟ್ಟೆ ಕೊಡಬೇಡಿ. ಕೈ ನಡುಗುವ ಹಿರಿಯರಿದ್ದರೆ ರಸದ್ದನ್ನು ಆಳವಾದ ಬೌಲಿನಲ್ಲಿ ಅರ್ಧಕ್ಕೆ ಹಾಕಿ, ದೊಡ್ಡ ತುಂಡುಗಳನ್ನು ಅಡುಗೆಮನೆಯಲ್ಲೇ ಚಿಕ್ಕದು ಮಾಡಿ ತನ್ನಿ. ಎಲ್ಲರೆದುರು ಕತ್ತರಿಸಿ ಕೊಡಲು ಹೋಗಬೇಡಿ. ಒಮ್ಮೆ ಒಬ್ಬ ಹಿರಿಯರು ತಮ್ಮ ತಟ್ಟೆಗೆ ಬೇರೆಯವರು ಕೈ ಹಾಕಿದ ಕೂಡಲೇ ಚಮಚ ಕೆಳಗಿಟ್ಟದ್ದನ್ನು ನೋಡಿದೆ. ಆಮೇಲೆ ಆ ರಾತ್ರಿ ಅವರು ಸರಿಯಾಗಿ ಉಣ್ಣಲೇ ಇಲ್ಲ. ನನಗೆ ಇಂದಿಗೂ ಆ ಚಮಚ ಇಟ್ಟ ಶಬ್ದ ನೆನಪಿದೆ.

ಒತ್ತಾಯದ ವಿಷಯ. ಉಪಚಾರವೆಂದರೆ ಕೇಳುವುದು, ಹೇರುವುದಲ್ಲ. ಕೇಳುವುದರಲ್ಲೂ ಒಂದು ಸೂಕ್ಷ್ಮವಿದೆ. ಸೌಟು ತುಂಬಿಕೊಂಡು ತಟ್ಟೆಯ ಮೇಲೆ ಹಿಡಿದು 'ಸ್ವಲ್ಪ ಹಾಕಲಾ?' ಎಂದರೆ ಅದು ಪ್ರಶ್ನೆಯೇ ಅಲ್ಲ. ಬೇಡವೆನ್ನಲು ಅವರು ಕೈ ಅಡ್ಡ ಹಿಡಿಯಬೇಕಾಗುತ್ತದೆ, ಎಷ್ಟೋ ಜನ ನಾಚಿಕೆಯಿಂದ ಹಾಕಿಸಿಕೊಂಡು ಕಷ್ಟಪಟ್ಟು ತಿನ್ನುತ್ತಾರೆ ಇಲ್ಲವೇ ಬಿಟ್ಟೇಳುತ್ತಾರೆ. ಪಾತ್ರೆಯನ್ನು ಪಕ್ಕದಲ್ಲಿ ಹಿಡಿದು, ಸೌಟು ಪಾತ್ರೆಯೊಳಗೇ ಇರುವಾಗ ಕೇಳಿ. 'ಇನ್ನು ಯಾವುದು ಹಾಕಲಿ?' ಎಂದು ಕೇಳಿದರೆ ಇನ್ನೂ ಒಳ್ಳೆಯದು, ಬೇಕಾದವರು ಬೇಕಾದ್ದರ ಹೆಸರು ಹೇಳುತ್ತಾರೆ, ಬೇಡದವರು ನಿರಾಳವಾಗಿ ಸಾಕು ಎನ್ನುತ್ತಾರೆ. ಸಾಕು ಎಂದವರನ್ನು ಅದೇ ಪದಾರ್ಥಕ್ಕೆ ಇನ್ನೊಮ್ಮೆ ಕೇಳಬೇಡಿ. ಒಬ್ಬೊಬ್ಬರಿಗೂ ಒಂದೊಂದು ಕಾರಣವಿರುತ್ತದೆ: ಔಷಧ, ಸಕ್ಕರೆ ಕಾಯಿಲೆ, ಹೊಟ್ಟೆಯ ತೊಂದರೆ, ಪಥ್ಯ, ನಂಬಿಕೆ. ಅದನ್ನು ಹನ್ನೆರಡು ಜನರೆದುರು ವಿವರಿಸುವ ಸ್ಥಿತಿಗೆ ಯಾರನ್ನೂ ತರಬಾರದು. ಇದೇ ಕಾರಣಕ್ಕೆ ಮೊದಲ ಸುತ್ತು ಸಣ್ಣದಾಗಿರಲಿ. ಮತ್ತೆ ಕೇಳಿ ಹಾಕಿಸಿಕೊಂಡವರ ಮುಖದಲ್ಲಿ ಒಂದು ಸಂತೋಷ ಇರುತ್ತದೆ, ಮೊದಲೇ ರಾಶಿ ಹಾಕಿದ ತಟ್ಟೆಯೆದುರು ಅದು ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಅಲರ್ಜಿಯ ಮಾತು. ಆರುವುದು, ಚೆಲ್ಲುವುದು ಎಲ್ಲ ಸರಿಹೋಗುವಂಥವು, ಇದು ಹಾಗಲ್ಲ. ತೀವ್ರ ಅಲರ್ಜಿಯಿದ್ದವರಿಗೆ ತಿಂದ ಕೆಲವೇ ನಿಮಿಷಗಳಲ್ಲಿ ಗಂಟಲು ಊದಿಕೊಂಡು ಉಸಿರಾಟ ಕಟ್ಟಬಹುದು, ರಕ್ತದೊತ್ತಡ ಕುಸಿಯಬಹುದು. ಕರೆಯುವಾಗಲೇ ಎಲ್ಲರನ್ನೂ ಕೇಳಿ, 'ನಿಮಗೆ ತಿಂದರೆ ಆಗದ್ದು, ತಿನ್ನಬಾರದ್ದು ಏನಾದರೂ ಇದೆಯೇ?' ಎಂದು. 'ಇಷ್ಟವಿಲ್ಲದ್ದು' ಎಂದು ಕೇಳಬೇಡಿ, ಆಗ ಜನ ಸೌಜನ್ಯಕ್ಕೆ ಏನೂ ಇಲ್ಲ ಎಂದುಬಿಡುತ್ತಾರೆ. ಹೆಚ್ಚಾಗಿ ತೊಂದರೆ ಕೊಡುವವು ಕಡಲೆಕಾಯಿ, ಗೋಡಂಬಿ–ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಮೀನು, ಸಿಗಡಿ–ಏಡಿ, ಗೋಧಿ, ಸೋಯಾ, ಎಳ್ಳು. ಎಳ್ಳನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ ಪ್ಯಾಕೆಟ್‌ಗಳ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿಕಾರಕಗಳ ಪಟ್ಟಿಗೆ ಅದು ಒಂಬತ್ತನೆಯದಾಗಿ ಸೇರಿದ್ದು 2023ರಲ್ಲಿ. ಯುರೋಪ್ ಒಕ್ಕೂಟದ ಪಟ್ಟಿಯಲ್ಲಿ 14 ಇವೆ.

ಒಬ್ಬರಿಗೆ ಕಡಲೆಕಾಯಿ ಆಗದು ಎಂದು ತಿಳಿದ ಮೇಲೆ ಅದನ್ನು ಅಂದಿನ ಅಡುಗೆಯಿಂದ ಪೂರ್ತಿ ಬಿಡಿ, ಎಣ್ಣೆಯನ್ನೂ ಬದಲಿಸಿ. 'ಅವರು ಅದೊಂದನ್ನು ತಿನ್ನದಿದ್ದರಾಯಿತು' ಎಂಬ ಲೆಕ್ಕ ಮೇಜಿನ ಮೇಲೆ ಉಳಿಯುವುದಿಲ್ಲ, ಏಕೆಂದರೆ ಸೌಟುಗಳು ಪಾತ್ರೆಯಿಂದ ಪಾತ್ರೆಗೆ ಅಲೆಯುತ್ತವೆ. ಯಾರೋ ಮಾತಿನ ಭರದಲ್ಲಿ ಇದರ ಚಮಚ ಅದಕ್ಕೆ ಹಾಕಿಯೇ ಹಾಕುತ್ತಾರೆ. ಕಾಯಿಸಿದರೆ, ಹುರಿದರೆ ಕಡಲೆಕಾಯಿಯ ಅಲರ್ಜಿ ಹೋಗುವುದಿಲ್ಲ. ಅಂಥ ಅತಿಥಿ ಅಡ್ರಿನಲಿನ್ ಇಂಜೆಕ್ಷನ್ ಇಟ್ಟುಕೊಳ್ಳುವವರಾಗಿದ್ದರೆ ಅದು ಅವರ ಚೀಲದಲ್ಲಿ ಎಲ್ಲಿದೆ ಎಂದು ಊಟಕ್ಕೆ ಮುಂಚೆ ಒಂಟಿಯಾಗಿ ಕೇಳಿಟ್ಟುಕೊಳ್ಳಿ. ಏನಾದರೂ ಆದರೆ ಮೊದಲು ಇಂಜೆಕ್ಷನ್, ಕೂಡಲೇ ಆಂಬುಲೆನ್ಸ್‌ಗೆ ಕರೆ. ಅವರನ್ನು ಎಬ್ಬಿಸಿ ನಡೆಸಬೇಡಿ.

ಎಷ್ಟು ಮಾಡಬೇಕು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ: ದೊಡ್ಡವರೊಬ್ಬರಿಗೆ ಸಿಹಿ ಬಿಟ್ಟು ಎಲ್ಲ ಸೇರಿ 500–600 ಗ್ರಾಂ ಬೇಯಿಸಿದ ಊಟ. ಹನ್ನೆರಡು ಜನಕ್ಕೆ ಸುಮಾರು ಏಳು ಕಿಲೋ, ಕೈ ಬಿಡಿಸಿ ಬಡಿಸಲು ಇನ್ನೊಂದು ಕಿಲೋ. ಎಂಟಕ್ಕಿಂತ ಹೆಚ್ಚು ಬೇಡ. ಪಾತ್ರೆಗಟ್ಟಲೆ ಉಳಿಯಲು ಕಾರಣ ಇಲ್ಲೇ ಇದೆ. ನಾವು ಪದಾರ್ಥಗಳ ಸಂಖ್ಯೆ ಹೆಚ್ಚಿಸುತ್ತೇವೆ, ಪ್ರತಿಯೊಂದನ್ನೂ ಹನ್ನೆರಡು ಜನ ಪೂರ್ತಿ ತಿನ್ನುತ್ತಾರೆಂದು ಅಳೆಯುತ್ತೇವೆ. ಹೊಟ್ಟೆ ಮಾತ್ರ ಅಷ್ಟೇ ಇರುತ್ತದೆ. ಒಂದು ಪದಾರ್ಥ ಸೇರಿಸಿದರೆ ಉಳಿದವುಗಳ ಅಳತೆ ಇಳಿಸಬೇಕು.

ಆದರೂ ಉಳಿಯುತ್ತದೆ. ಇಲ್ಲಿ ಗಡಿಯಾರ ನೋಡಬೇಕು. ರೋಗ ತರುವ ಬ್ಯಾಕ್ಟೀರಿಯಾಗಳು 5 ಡಿಗ್ರಿಗೂ 60 ಡಿಗ್ರಿಗೂ ನಡುವೆ ಬೆಳೆಯುತ್ತವೆ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೋಣೆ 32 ಡಿಗ್ರಿ ದಾಟುವಷ್ಟು ಸೆಖೆಯಿದ್ದರೆ ಒಂದು ಗಂಟೆ ಎಂದೇ ಹಿಡಿಯಬೇಕು. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದರೂ ಸಾಯದೆ ಉಳಿಯುತ್ತವೆ. ಅನ್ನ ಹೊರಗೆ ಬೆಚ್ಚಗೆ ಕೂತಾಗ ಮೊಳೆತು, ವಾಂತಿ ತರಿಸುವ ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೆ ಆ ವಿಷ ನಾಶವಾಗುವುದಿಲ್ಲ. ಹಾಗಾಗಿ 'ನಾಳೆ ಚೆನ್ನಾಗಿ ಬಿಸಿ ಮಾಡಿದರಾಯಿತು' ಎಂದು ರಾತ್ರಿಯಿಡೀ ಒಲೆಯ ಮೇಲೆ ಬಿಡುವುದು ತಪ್ಪು.

ಮೇಜಿನ ಬೌಲುಗಳಲ್ಲಿ ಉಳಿದದ್ದಕ್ಕೂ ಒಲೆಯ ಬಳಿ ಮುಚ್ಚಿಟ್ಟ ಪಾತ್ರೆಯಲ್ಲಿ ಉಳಿದದ್ದಕ್ಕೂ ವ್ಯತ್ಯಾಸವಿದೆ ಎಂದು ಮೊದಲೇ ಹೇಳಿದ್ದು ಇದಕ್ಕೇ. ಹನ್ನೆರಡು ಜನರ ಕೈ ದಾಟಿ ಆರಿಹೋದ ಬೌಲಿನದನ್ನು ಪಾತ್ರೆಗೆ ಮರಳಿ ಸುರಿಯಬೇಡಿ. ಪಾತ್ರೆಯಲ್ಲಿರುವುದನ್ನು ಅಗಲವಾದ, ಐದು ಸೆಂಟಿಮೀಟರ್‌ಗಿಂತ ಆಳವಿಲ್ಲದ ಡಬ್ಬಿಗಳಿಗೆ ಹಂಚಿ ಫ್ರಿಜ್‌ಗೆ ಸೇರಿಸಿ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್‌ನಲ್ಲಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಮೂರು ನಾಲ್ಕು ದಿನದೊಳಗೆ ಮುಗಿಸಿ, ಬೇಕಾದಷ್ಟನ್ನೇ ತೆಗೆದು ಹಬೆಯಾಡುವಷ್ಟು ಬಿಸಿ ಮಾಡಿ.

ಇನ್ನು ನೀವು ಕೂತು ಉಣ್ಣುವ ವಿಷಯ. ಕರೆದವರು ಕೂರದಿದ್ದರೆ ಬಂದವರು ಬೇಗ ಮುಗಿಸಿ ಏಳುತ್ತಾರೆ, ಅವಸರ ಮೇಜಿಗೆಲ್ಲ ಅಂಟುತ್ತದೆ. ಹೋದ ಸಲ ಆದದ್ದು ಅದೇ. ಅಡುಗೆಮನೆಗೆ ಹತ್ತಿರದ ಕುರ್ಚಿ ನಿಮ್ಮದು, ಅದರಲ್ಲಿ ಮೊದಲ ತುತ್ತಿಗೇ ಎಲ್ಲರ ಜೊತೆ ಕೂರಿ. ಎದುರು ತುದಿಯಲ್ಲಿ ನಿಮಗೆ ಆತ್ಮೀಯರಾದ ಒಬ್ಬರನ್ನು ಕೂರಿಸಿ, ಆ ಕಡೆಯ ಬೌಲುಗಳು ಬರಿದಾಗುವುದನ್ನು ಗಮನಿಸಿ ಹೇಳುವ ಜವಾಬ್ದಾರಿ ಅವರಿಗೆ ಮೊದಲೇ ಒಪ್ಪಿಸಿ. ನೀರಿನ ಜಗ್ಗುಗಳು ಎರಡು, ನಾಲ್ಕಾರು ಹೆಚ್ಚಿನ ಚಮಚ, ಒಂದು ಒಣಬಟ್ಟೆ ನಿಮ್ಮ ಕೈಗೆಟುಕುವಲ್ಲಿ ಇರಲಿ. ನೀವು ಏಳುವುದು ಬೌಲು ತುಂಬಲು ಒಂದು ಸಲ, ಸಿಹಿಗೆ ಒಂದು ಸಲ.

ಹಿಂದಿನ ದಿನ ಸಂಜೆ ಒಂದು ಕೆಲಸ ಮಾಡಿ. ಖಾಲಿ ಬೌಲುಗಳನ್ನೆಲ್ಲ ಮೇಜಿನ ಮೇಲೆ ಅವವುಗಳ ಜಾಗದಲ್ಲಿ ಇಟ್ಟು, ಒಂದೊಂದರೊಳಗೆ ಪದಾರ್ಥದ ಹೆಸರು ಬರೆದ ಚೀಟಿ ಹಾಕಿ, ಅದರದರ ಸೌಟನ್ನು ಪಕ್ಕದಲ್ಲಿಡಿ. ಒಂದು ಸೌಟು ಕಡಿಮೆ ಬಿದ್ದದ್ದು, ಒಂದು ಬೌಲಿಗೆ ಜಾಗವೇ ಇಲ್ಲದ್ದು ಆಗ ಕಾಣುತ್ತದೆ, ಸರಿಪಡಿಸಲು ಪೂರ್ತಿ ಒಂದು ದಿನ ಕೈಯಲ್ಲಿರುತ್ತದೆ. ಮರುದಿನ ಸಂಜೆ ಏಳೂವರೆಗೆ ಬರಲು ಹೇಳಿದ್ದರೆ ಎಂಟೂಕಾಲಿಗೆ ಮೇಜಿಗೆ ಕರೆಯಿರಿ, ಎಂಟಕ್ಕೆ ತಟ್ಟೆ ಕಾಯಲು ಇಡಿ. ತಡವಾಗಿ ಬರುವ ಒಬ್ಬರಿಗಾಗಿ ಹನ್ನೊಂದು ಜನರನ್ನು ಕಾಯಿಸಬೇಡಿ, ಅವರ ಪಾಲನ್ನು ಮುಚ್ಚಿ ತೆಗೆದಿಡಿ.

ತಟ್ಟೆ ತೆಗೆಯುವುದು ಕೊನೆಯವರು ಚಮಚ ಕೆಳಗಿಟ್ಟ ಮೇಲೆ. ಮೊದಲು ಮುಗಿಸಿದವರ ತಟ್ಟೆ ಎತ್ತಿದರೆ ನಿಧಾನವಾಗಿ ಉಣ್ಣುತ್ತಿರುವವರು ಅರ್ಧಕ್ಕೆ ನಿಲ್ಲಿಸುತ್ತಾರೆ. ಎರಡೆರಡೇ ತಟ್ಟೆ ಒಯ್ಯಿರಿ, ಎಂಜಲನ್ನು ಮೇಜಿನ ಬಳಿ ಕೆರೆದು ಒಟ್ಟುಮಾಡಬೇಡಿ. ಯಾರಾದರೂ ಎದ್ದು ಸಿಂಕ್ ಕಡೆ ಹೊರಟರೆ ಅವರ ಕೈಗೆ ಪಾತ್ರೆ ತೊಳೆಯುವ ಕೆಲಸ ಕೊಡಬೇಡಿ, ಸಿಹಿಯ ಬೌಲುಗಳನ್ನು ಫ್ರಿಜ್‌ನಿಂದ ತೆಗೆದು ಮೇಜಿಗೆ ತರಲು ಹೇಳಿ. ಅವರು ಅದನ್ನು ಒಯ್ಯುತ್ತಿರುವ ಎರಡು ನಿಮಿಷದಲ್ಲಿ ನೀವು ಉಳಿದದ್ದನ್ನು ಡಬ್ಬಿಗಳಿಗೆ ಹಂಚಿ ಫ್ರಿಜ್‌ನಲ್ಲಿಟ್ಟು, ಅಡುಗೆಮನೆಯ ದೀಪ ಆರಿಸಿ ಬಂದು ಕೂತುಬಿಡಿ. ಪಾತ್ರೆಗಳನ್ನು ಎಲ್ಲರೂ ಹೋದ ಮೇಲೆ ತೊಳೆದರಾಯಿತು.